ಸವಕಳಿಯ ಲೆಕ್ಕ: ಇಂದಿನ ಬಿಲ್ಲಿಗೋ, ನಾಳೆಯ ಬಿಲ್ಲಿಗೋ?

ಸಾವಿರ ಕೋಟಿ ರೂಪಾಯಿ ಸುರಿದು ಕಲ್ಲಿದ್ದಲಿನ ವಿದ್ಯುತ್ ಸ್ಥಾವರವೊಂದನ್ನು ಕಟ್ಟಿದ್ದಾರೆ ಎಂದುಕೊಳ್ಳಿ. ಬಾಳಿಕೆ 25 ವರ್ಷ. ಅದರ ಸವಕಳಿಗೆಂದು ಮೊದಲ ವರ್ಷ ಗ್ರಾಹಕರಿಂದ ಎಷ್ಟು ವಸೂಲಿ ಮಾಡಬೇಕು? 1948ರ ವಿದ್ಯುತ್ ಸರಬರಾಜು ಕಾಯ್ದೆ ತೋರಿಸಿದ ಒಂದು ದಾರಿ ಹಿಡಿದರೆ ಸುಮಾರು 21.6 ಕೋಟಿ. 1994ರ ಅಧಿಸೂಚನೆಯ ಪ್ರಕಾರ 78.4 ಕೋಟಿ. 2001ರ ನಿಯಮದಂತೆ 36 ಕೋಟಿ. 2009ರ ನಿಯಮದಂತೆ 52.8 ಕೋಟಿ. ಬಾಯ್ಲರ್ ಅದೇ, ಟರ್ಬೈನ್ ಅದೇ, ಅದು ಸವೆಯುವ ವೇಗವೂ ಅದೇ. ಬದಲಾದದ್ದು ಲೆಕ್ಕ ಮಾತ್ರ.

ಸಾಬೂನು ತಯಾರಿಸುವ ಕಂಪನಿ ತನ್ನ ಯಂತ್ರದ ಸವಕಳಿಯನ್ನು ಹೇಗೆ ಬರೆದುಕೊಂಡರೂ ಅಂಗಡಿಯಲ್ಲಿ ಸಾಬೂನಿನ ಬೆಲೆ ಅದರಿಂದ ನೇರವಾಗಿ ಏರುವುದಿಲ್ಲ. ಬೆಲೆಯನ್ನು ನಿರ್ಧರಿಸುವುದು ಮಾರುಕಟ್ಟೆ. ವಿದ್ಯುತ್, ನೀರು, ಅನಿಲ ಪೂರೈಸುವ ಏಕಸ್ವಾಮ್ಯ ಸಂಸ್ಥೆಗಳ ಕಥೆ ಬೇರೆ. ಅವುಗಳ ದರವನ್ನು ನಿಯಂತ್ರಣ ಆಯೋಗ ನಿಗದಿಪಡಿಸುತ್ತದೆ. ಇಂಧನ, ಸಂಬಳ, ನಿರ್ವಹಣೆ, ಸಾಲದ ಬಡ್ಡಿ, ಮಾಲೀಕರ ಬಂಡವಾಳಕ್ಕೆ ಲಾಭ ಇವೆಲ್ಲದರ ಜೊತೆಗೆ ಸವಕಳಿಯ ಮೊತ್ತವೂ ಸೇರಿ ಯೂನಿಟ್ಟಿನ ದರವಾಗುತ್ತದೆ. ಲೆಕ್ಕಪುಸ್ತಕದ ಒಂದು ಸಾಲು ಹೀಗೆ ಮನೆಮನೆಯ ಬಿಲ್ಲಿಗೆ ಇಳಿಯುತ್ತದೆ. ಒಂದು ತಲೆಮಾರು ಕಟ್ಟಿಸಿ ಮುಂದಿನ ತಲೆಮಾರು ಬಳಸುವ ಸ್ಥಾವರದ ಹಣವನ್ನು ಯಾರು, ಯಾವಾಗ ಕೊಡಬೇಕು ಎಂಬುದೇ ಇಲ್ಲಿರುವ ಪ್ರಶ್ನೆ. ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ನ್ಯಾಯಾಲಯಗಳು, ಎಂಜಿನಿಯರುಗಳು, ಲೆಕ್ಕಿಗರು ಇದರ ಮೇಲೆ ವಾದಿಸುತ್ತಲೇ ಇದ್ದಾರೆ.

ನಾಕ್ಸ್‌ವಿಲ್ ನೀರಿನ ಮೊಕದ್ದಮೆ

ಜಗಳಕ್ಕೆ ಗಟ್ಟಿಯಾದ ಕಾನೂನಿನ ರೂಪ ಸಿಕ್ಕಿದ್ದು ಅಮೆರಿಕದಲ್ಲಿ. ಟೆನೆಸ್ಸಿ ರಾಜ್ಯದ ನಾಕ್ಸ್‌ವಿಲ್ ನಗರವು ನೀರಿನ ದರಕ್ಕೆ ಮಿತಿ ಹಾಕಿತು. ನೀರು ಪೂರೈಸುತ್ತಿದ್ದ ಖಾಸಗಿ ಕಂಪನಿ ನ್ಯಾಯಾಲಯದ ಮೆಟ್ಟಿಲೇರಿತು. 1909ರಲ್ಲಿ ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿತು. ಹೂಡಿದ ಆಸ್ತಿಯ ಮೌಲ್ಯ ಕರಗದಂತೆ ಗಳಿಕೆಯಿಂದ ಪ್ರತಿವರ್ಷ ಹಣ ತೆಗೆದಿರಿಸುವ ಹಕ್ಕು ಕಂಪನಿಗಿದೆ. ಅಷ್ಟೇ ಅಲ್ಲ, ಅದು ಕಂಪನಿಯ ಕರ್ತವ್ಯವೂ ಹೌದು. ಹಿಂದಿನ ವರ್ಷಗಳಲ್ಲಿ ಹಾಗೆ ತೆಗೆದಿರಿಸದೆ ಲಾಭ ಹಂಚಿ ಖಾಲಿ ಮಾಡಿದ್ದರೆ, ಆ ತಪ್ಪಿನ ಹೊರೆಯನ್ನು ಮುಂದಿನ ಗ್ರಾಹಕರ ಮೇಲೆ ಹೊರಿಸುವಂತಿಲ್ಲ. ಹಳೆಯ ಆಸ್ತಿಗೆ ಹೊಸದರ ಬೆಲೆ ಕಟ್ಟಿ ಅದರ ಮೇಲೆ ಲಾಭ ಕೇಳುವಂತೆಯೂ ಇಲ್ಲ.

ಆದರೂ ಮುಂದಿನ ಇಪ್ಪತ್ತು ವರ್ಷ ಅಮೆರಿಕದ ಹಲವು ವಿದ್ಯುತ್ ಕಂಪನಿಗಳು ಸವಕಳಿಯ ಕ್ರಮಬದ್ಧ ಲೆಕ್ಕಕ್ಕೆ ಒಪ್ಪಲಿಲ್ಲ. ಚೆನ್ನಾಗಿ ನೋಡಿಕೊಂಡ ಯಂತ್ರ ಹೊಸದರಷ್ಟೇ ಕೆಲಸ ಮಾಡುತ್ತದೆ, ಹಾಗಿರುವಾಗ ಸವಕಳಿ ಎಲ್ಲಿಂದ ಬಂತು ಎಂಬುದು ಅವರ ವಾದ. ಅವರು ಇಟ್ಟುಕೊಂಡದ್ದು ‘ನಿವೃತ್ತಿ ನಿಧಿ’. ಯಂತ್ರ ಮೂಲೆ ಸೇರುವ ಹೊತ್ತಿಗೆ ಬೇಕಾಗುವ ಹಣವನ್ನು, ಲಾಭ ಚೆನ್ನಾಗಿದ್ದ ವರ್ಷ ಹೆಚ್ಚು, ಇಲ್ಲದ ವರ್ಷ ಕಡಿಮೆ, ತಮಗೆ ಅನುಕೂಲವಾದಂತೆ ತೆಗೆದಿಡುವ ವ್ಯವಸ್ಥೆ ಅದು. ಟೆಲಿಫೋನ್ ಕಂಪನಿಗಳದ್ದು ಇದಕ್ಕೆ ತದ್ವಿರುದ್ಧ ವರಸೆ. 1934ರಲ್ಲಿ ಇಲಿನಾಯ್ ಬೆಲ್ ಕಂಪನಿಯ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದಾಗ, ಕಂಪನಿ ಸವಕಳಿಯ ಹೆಸರಲ್ಲಿ ಅಗತ್ಯಕ್ಕಿಂತ ಬಹಳ ಹೆಚ್ಚು ಹಣ ಕೂಡಿಹಾಕಿದೆ ಎಂದು ನ್ಯಾಯಾಲಯಕ್ಕೆ ಅನಿಸಿತು. ಆ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಕೊಟ್ಟ ವ್ಯಾಖ್ಯೆ ಇಂದಿಗೂ ಚಾಲ್ತಿಯಲ್ಲಿದೆ. ಅದರ ಸಾರ ಇಷ್ಟು: ದಿನನಿತ್ಯದ ದುರಸ್ತಿಯಿಂದ ತುಂಬಿಕೊಳ್ಳಲಾಗದ, ಕೊನೆಗೊಮ್ಮೆ ಆಸ್ತಿಯನ್ನು ಬಳಕೆಯಿಂದ ತೆಗೆಯುವಂತೆ ಮಾಡುವ ನಷ್ಟವೇ ಸವಕಳಿ. ತೇಯುವುದು, ಕೊಳೆಯುವುದು ಮಾತ್ರವಲ್ಲ. ಬೇಡಿಕೆಗೆ ಸಾಲದೆ ಹೋಗುವುದು, ಕಾಲ ಮೀರಿ ಹಳತಾಗುವುದು ಕೂಡ ಅದರಲ್ಲಿ ಸೇರಿದೆ.

ಲೆಕ್ಕ ಹಾಕಬೇಕಾದದ್ದು ಕೊಂಡ ಬೆಲೆಯ ಮೇಲೋ, ಇಂದಿನ ಬೆಲೆಯ ಮೇಲೋ ಎಂಬ ಪ್ರಶ್ನೆ ಉಳಿದಿತ್ತು. 1930ರಲ್ಲಿ ಬಾಲ್ಟಿಮೋರಿನ ಟ್ರಾಮ್ ಕಂಪನಿಯ ಪ್ರಕರಣದಲ್ಲಿ ನ್ಯಾಯಾಲಯ ಇಂದಿನ ಬೆಲೆಯ ಕಡೆ ವಾಲಿತು. ಕೊಂಡ ಬೆಲೆಯೇ ಸರಿ ಎಂದು ನ್ಯಾಯಮೂರ್ತಿ ಬ್ರ್ಯಾಂಡೀಸ್ ಭಿನ್ನಮತ ಬರೆದರು. ಹದಿನಾಲ್ಕು ವರ್ಷಗಳ ಬಳಿಕ, 1944ರ ಹೋಪ್ ನೈಸರ್ಗಿಕ ಅನಿಲ ಕಂಪನಿಯ ತೀರ್ಪಿನಲ್ಲಿ, ಕೊಂಡ ಬೆಲೆಯ ಪಕ್ಷವೇ ಗೆದ್ದಿತು. ಭಾರತದ ಆಯೋಗಗಳು ಇಂದು ನಡೆಯುತ್ತಿರುವುದೂ ಅದೇ ದಾರಿಯಲ್ಲಿ.

ಕಂಬಗಳ ಮರಣ ಕೋಷ್ಟಕ

ಒಂದು ಬಾಯ್ಲರಿನ ಆಯುಷ್ಯವನ್ನು ಅಂದಾಜು ಮಾಡಬಹುದು. ಊರೂರಿಗೆ ಹಬ್ಬಿದ ಲಕ್ಷಾಂತರ ಕಂಬ, ಮೀಟರ್, ಟ್ರಾನ್ಸ್‌ಫಾರ್ಮರುಗಳದ್ದು? ಕೆಲವು ಕಂಬ ಎರಡೇ ವರ್ಷಕ್ಕೆ ಲಾರಿ ಬಡಿದು ಬೀಳುತ್ತವೆ, ಕೆಲವು ಅರವತ್ತು ವರ್ಷ ನಿಲ್ಲುತ್ತವೆ. ಜೀವವಿಮೆಯವರು ಮನುಷ್ಯರ ಸಾವುಗಳನ್ನು ಕೋಷ್ಟಕ ಮಾಡುವಂತೆ ಯಂತ್ರಗಳ ಸಾವನ್ನೂ ಕೋಷ್ಟಕ ಮಾಡಬಹುದು ಎಂದು ಹೊರಟವರು ಅಯೋವಾ ರಾಜ್ಯ ಕಾಲೇಜಿನ ಎಂಜಿನಿಯರುಗಳು. ಎಡ್ವಿನ್ ಕರ್ಟ್ಜ್ ಆರಂಭಿಸಿದ ಕೆಲಸವನ್ನು ರಾಬ್ಲಿ ವಿನ್‌ಫ್ರೀ ಮುಂದುವರಿಸಿ 1935ರಲ್ಲಿ 18 ಬಗೆಯ ವಕ್ರರೇಖೆಗಳನ್ನು ಪ್ರಕಟಿಸಿದರು. ಸರಾಸರಿ ಆಯುಷ್ಯಕ್ಕಿಂತ ಮೊದಲೇ ಹೆಚ್ಚು ಆಸ್ತಿಗಳು ಕಳಚಿಕೊಳ್ಳುವ ಗುಂಪು ಒಂದು, ಸರಾಸರಿಯ ಆಚೆಗೆ ಹೆಚ್ಚು ಕಳಚುವ ಗುಂಪು ಇನ್ನೊಂದು, ಎರಡೂ ಕಡೆ ಸಮನಾಗಿರುವುದು ಮತ್ತೊಂದು. ಅಮೆರಿಕದ ದರ ವಿಚಾರಣೆಗಳಲ್ಲಿ ಇಂದಿಗೂ ಸಾಕ್ಷಿ ನುಡಿಯುವ ತಜ್ಞರು ‘ಅಯೋವಾ ರೇಖೆ’ಗಳನ್ನು ಹಿಡಿದೇ ಬರುತ್ತಾರೆ.

ಈ ಪದ್ಧತಿಯಲ್ಲಿ ಒಂದೊಂದು ಕಂಬಕ್ಕೆ ಬೇರೆ ಲೆಕ್ಕವಿಲ್ಲ, ಇಡೀ ಗುಂಪಿಗೆ ಒಂದೇ ಲೆಕ್ಕ. ಬೇಗ ಬಿದ್ದದ್ದರ ಕೊರತೆಯನ್ನು ತಡವಾಗಿ ಬೀಳುವುದು ತುಂಬುತ್ತದೆ. ಸರಾಸರಿ ಆಯುಷ್ಯವನ್ನು ಕೆಲವು ವರ್ಷ ಹಿಗ್ಗಿಸಿದರೂ ಬಿಲ್ ಇಳಿಯುವುದರಿಂದ ಗ್ರಾಹಕರ ಪರ ವಕೀಲರು ಉದ್ದ ರೇಖೆಗಾಗಿ, ಕಂಪನಿಗಳು ಗಿಡ್ಡ ರೇಖೆಗಾಗಿ ವಾದಿಸುವುದು ಅಲ್ಲಿ ವಾಡಿಕೆ.

ಭಾರತ ಈ ದಾರಿಗೆ ಬಂದೇ ಇಲ್ಲ. ಇಲ್ಲಿ ಆಯುಷ್ಯವನ್ನು ಅಳೆಯುವುದಿಲ್ಲ, ಘೋಷಿಸುತ್ತಾರೆ. ಕಲ್ಲಿದ್ದಲ ಸ್ಥಾವರ ಎಲ್ಲಿಯೇ ಇರಲಿ, ಹೇಗೇ ಓಡಲಿ, 25 ವರ್ಷ ಎಂದು ನಿಯಮ. ಜಲವಿದ್ಯುತ್ತಿಗೆ 35 ವರ್ಷ ಇತ್ತು, 2019ರಲ್ಲಿ 40 ಆಯಿತು. ಕರಾವಳಿಯ ಉಪ್ಪುಗಾಳಿಯಲ್ಲಿ ನಿಂತ ಕಂಬಕ್ಕೂ ಬಯಲುಸೀಮೆಯ ಕಂಬಕ್ಕೂ ಲೆಕ್ಕದಲ್ಲಿ ಒಂದೇ ಬಾಳಿಕೆ. ಕರ್ನಾಟಕದ ವಿದ್ಯುತ್ ವಿತರಣಾ ಕಂಪನಿಗಳಾದ ಎಸ್ಕಾಂಗಳ ಬಳಿ ದಶಕಗಳ ದಾಸ್ತಾನು ಮತ್ತು ವಿಲೇವಾರಿ ದಾಖಲೆಗಳಿವೆ. ಅವನ್ನು ಕೂಡಿಸಿ ಟ್ರಾನ್ಸ್‌ಫಾರ್ಮರುಗಳ ನಿಜವಾದ ಆಯುಷ್ಯ ಕಂಡುಕೊಳ್ಳುವುದು ಅಸಾಧ್ಯದ ಕೆಲಸವೇನಲ್ಲ. ಮಾಡಲೇಬೇಕಾದ ಕೆಲಸ ಅದು.

ಸಾಲದ ಕಂತಿಗೆ ಹೊಂದಿಸಿದ ಆಯುಷ್ಯ

ಭಾರತದ ಕಥೆಯಲ್ಲಿ ಸವಕಳಿಯ ಜೊತೆಗಾರ ಸಾಲ. ಇದನ್ನು ತಿಳಿಯದೆ ಇಲ್ಲಿನ ಅಂಕಿಗಳು ಅರ್ಥವಾಗುವುದಿಲ್ಲ.

1948ರ ಕಾಯ್ದೆಯ ಆರನೇ ಅನುಸೂಚಿಯ ಒಂದು ವಿಧಾನದಲ್ಲಿ, ಪ್ರತಿವರ್ಷ ತೆಗೆದಿಟ್ಟ ಹಣ ಶೇ 4ರ ಚಕ್ರಬಡ್ಡಿಯಲ್ಲಿ ಬೆಳೆದು ಅವಧಿಯ ಕೊನೆಗೆ ಮೂಲಬೆಲೆಯ ಶೇ 90 ಆಗಬೇಕಿತ್ತು. ಉಳಿದ ಶೇ 10 ಗುಜರಿ ಬೆಲೆ. ಬಡ್ಡಿಯೂ ದುಡಿಯುವುದರಿಂದ ವಾರ್ಷಿಕ ಕಂತು ಸಣ್ಣದು. ಆರಂಭದಲ್ಲಿ ಹೇಳಿದ 21.6 ಕೋಟಿ ಹೀಗೆ ಬಂದದ್ದು. ಶೇ 90 ಎಂಬ ಅಂಕಿ ಎಪ್ಪತ್ತೈದು ವರ್ಷ ದಾಟಿ ಇಂದಿಗೂ ಉಳಿದಿದೆ.

1991ರ ನಂತರ ಗಾಳಿ ಬದಲಾಯಿತು. ಖಾಸಗಿ ಹೂಡಿಕೆದಾರರನ್ನು ವಿದ್ಯುತ್ ಉತ್ಪಾದನೆಗೆ ಕರೆಯಬೇಕಿತ್ತು, ಅವರಿಗೆ ಸಾಲ ಕೊಡುವ ಬ್ಯಾಂಕುಗಳು ಹತ್ತು–ಹನ್ನೆರಡು ವರ್ಷದಲ್ಲಿ ಹಣ ವಾಪಸ್ ಕೇಳುತ್ತಿದ್ದವು. ಯಂತ್ರ 25 ವರ್ಷ ಓಡುತ್ತದೆ, ಸಾಲ 12 ವರ್ಷದಲ್ಲಿ ತೀರಬೇಕು. ನಡುವಿನ ಅಂತರ ತುಂಬಲು ಸವಕಳಿಯ ದರವನ್ನೇ ಏರಿಸಲಾಯಿತು. 1994ರ ಅಧಿಸೂಚನೆಯ ಶೇ 7.84ರ ದರದಲ್ಲಿ ಸ್ಥಾವರದ ಶೇ 90 ಹಣ ಹನ್ನೊಂದೂವರೆ ವರ್ಷದಲ್ಲಿ ವಸೂಲಾಗುತ್ತದೆ.

1998ರ ಕಾಯ್ದೆಯಿಂದ ಹುಟ್ಟಿದ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಇದನ್ನು ಒಪ್ಪಲಿಲ್ಲ. ಸವಕಳಿ ಎಂದರೆ ಆಸ್ತಿಯ ಬಾಳಿಕೆಗೆ ಸಂಬಂಧಿಸಿದ್ದು, ಸಾಲಕ್ಕಲ್ಲ ಎಂಬ ನಿಲುವು ತಳೆದು 2001ರಿಂದ ಸ್ಥಿರ ಕಂತಿನ ಪದ್ಧತಿಗೆ ಮರಳಿತು: 90 ಭಾಗಿಸು 25, ಅಂದರೆ ಶೇ 3.6. ಸಾಲದ ಕಂತು ಅದಕ್ಕಿಂತ ಹೆಚ್ಚಿದ್ದರೆ ‘ಸವಕಳಿಯ ಮುಂಗಡ’ ಎಂಬ ಬೇರೆ ಬಾಬತ್ತು. 2004ರ ನಿಯಮದಲ್ಲಿ ಇದಕ್ಕೆ ಸಾಲದ ಹತ್ತನೇ ಒಂದು ಭಾಗದ ಮಿತಿ. ನಮ್ಮ ಉದಾಹರಣೆಯಲ್ಲಿ ಸಾಲ 700 ಕೋಟಿ ಎಂದರೆ, 36 ಕೋಟಿ ಸವಕಳಿಯ ಮೇಲೆ 34 ಕೋಟಿಯವರೆಗೆ ಮುಂಗಡ. ತತ್ತ್ವದಲ್ಲಿ ಬೇರ್ಪಟ್ಟ ಎರಡೂ ಬಿಲ್ಲಿನಲ್ಲಿ ಮತ್ತೆ ಒಂದಾದವು. ಆದರೂ ಈ ಪದ್ಧತಿಗೆ ಒಂದು ಪ್ರಾಮಾಣಿಕತೆ ಇತ್ತು: ಎಷ್ಟು ಹಣ ಸವೆತಕ್ಕೆ, ಎಷ್ಟು ಬ್ಯಾಂಕಿಗೆ ಎಂಬುದು ಕಾಗದದ ಮೇಲೆ ಸ್ಪಷ್ಟವಾಗಿ ಕಾಣುತ್ತಿತ್ತು.

2006ರ ರಾಷ್ಟ್ರೀಯ ದರ ನೀತಿ ಮುಂಗಡದ ಅಗತ್ಯವಿಲ್ಲ ಎಂದಿತು. ಅದರಂತೆ 2009ರಲ್ಲಿ ಆಯೋಗ ಮಧ್ಯದ ದಾರಿ ಹಿಡಿಯಿತು. ಮೊದಲ 12 ವರ್ಷ ಶೇ 5.28, ಅನಂತರ ಬಾಕಿಯನ್ನು ಉಳಿದ ವರ್ಷಗಳಿಗೆ ಹಂಚುವುದು. ಸಾವಿರ ಕೋಟಿಯ ಸ್ಥಾವರಕ್ಕೆ ಹನ್ನೆರಡು ವರ್ಷದಲ್ಲಿ 633.6 ಕೋಟಿ, ಉಳಿದ 266.4 ಕೋಟಿ ಮುಂದಿನ ಹದಿಮೂರು ವರ್ಷಗಳಲ್ಲಿ, ವರ್ಷಕ್ಕೆ ಸುಮಾರು 20.5 ಕೋಟಿ. ವರ್ಷದ ಸಾಲ ಮರುಪಾವತಿ ಆ ವರ್ಷದ ಸವಕಳಿಗೆ ಸಮ ಎಂದು ಭಾವಿಸತಕ್ಕದ್ದು ಎಂಬ ನಿಯಮವೂ ಬಂತು. ಬ್ಯಾಂಕುಗಳು ಈಗ ದೀರ್ಘಾವಧಿಗೆ ಸಾಲ ಕೊಡುತ್ತಿರುವುದರಿಂದ, 2024ರ ನಿಯಮಗಳಲ್ಲಿ ಹೊಸ ಯೋಜನೆಗಳ ಮಟ್ಟಿಗೆ ಆ 12 ವರ್ಷ 15 ಆಗಿದೆ. ಯಂತ್ರದ ಬಗ್ಗೆ ಹೊಸದೇನೋ ತಿಳಿದು ಈ ಬದಲಾವಣೆ ಆಗಲಿಲ್ಲ. ಬದಲಾದದ್ದು ಸಾಲದ ಅವಧಿ.

ಇದೇ ಸ್ಥಾವರಕ್ಕೆ 2013ರ ಕಂಪನಿ ಕಾಯ್ದೆ ಕೊಡುವ ಆಯುಷ್ಯ 40 ವರ್ಷ ಎಂಬುದನ್ನೂ ಗಮನಿಸಬೇಕು. ನಿಯಂತ್ರಣ ಆಯೋಗ ಲೆಕ್ಕಪತ್ರಕ್ಕೆಂದು ಬೇರೆ ಅವಧಿ ನಿಗದಿಪಡಿಸಿದ್ದರೆ ಅದೇ ನಡೆಯುತ್ತದೆ, ಇಲ್ಲದಿದ್ದರೆ 40.

ನಾಲ್ಕು ವಾದಗಳು

ಈ ಇತಿಹಾಸದ ಕೆಳಗೆ ಹರಿಯುತ್ತಿರುವ ವಿಚಾರಗಳನ್ನು ಬಿಡಿಸಿ ನೋಡಿದರೆ, ಮೊದಲನೆಯದು ಲೆಕ್ಕಿಗರದ್ದು. ಸವಕಳಿ ಎಂದರೆ ಬೆಲೆ ಕಟ್ಟುವುದಲ್ಲ, ಖರ್ಚನ್ನು ಹಂಚುವುದು. ಯಾವ ವರ್ಷದ ಗ್ರಾಹಕರು ಸ್ಥಾವರದ ಸೇವೆ ಪಡೆಯುತ್ತಾರೋ ಅವರೇ ಆ ವರ್ಷದ ಪಾಲು ಕೊಡಲಿ ಎಂಬುದು ಇದರ ನ್ಯಾಯ. ಸ್ಥಿರ ಕಂತಿನ ಪದ್ಧತಿ ಇಷ್ಟು ಕಾಲ ಉಳಿದಿರುವುದು ಈ ಸರಳತೆಯಿಂದ. ಆದರೆ ಇದಕ್ಕೊಂದು ಕುಂದಿದೆ. ಸವಕಳಿ ಸಮನಾಗಿದ್ದರೂ ಬಾಕಿ ಬಂಡವಾಳದ ಬಡ್ಡಿ ಮೊದಲ ವರ್ಷಗಳಲ್ಲಿ ಹೆಚ್ಚು, ಕೊನೆಗೆ ಕಡಿಮೆ. ಎರಡನ್ನೂ ಕೂಡಿಸಿದರೆ ಮೊದಲ ಗ್ರಾಹಕನೇ ಹೆಚ್ಚು ತೆರುತ್ತಾನೆ. ಮನೆ ಸಾಲದ ಸಮಾನ ಮಾಸಿಕ ಕಂತಿನಂತೆ ಸವಕಳಿ ಮತ್ತು ಬಡ್ಡಿಯ ಮೊತ್ತವನ್ನು ಸಮವಾಗಿಡಬೇಕೆಂದು ಕೇಳುವವರ ತರ್ಕ ಇದೇ.

ಎರಡನೆಯದು ಅರ್ಥಶಾಸ್ತ್ರಜ್ಞರದ್ದು. 1925ರಲ್ಲಿ ಹೆರಾಲ್ಡ್ ಹೊಟೆಲಿಂಗ್ ಬರೆದ ಪ್ರಬಂಧದಿಂದ ಮೊದಲ್ಗೊಂಡು ಅವರು ಹೇಳುತ್ತ ಬಂದದ್ದು: ವರ್ಷದ ಆರಂಭ ಮತ್ತು ಕೊನೆಯಲ್ಲಿ ಆಸ್ತಿಯ ಮೌಲ್ಯದ ನಡುವಿನ ವ್ಯತ್ಯಾಸವೇ ನಿಜವಾದ ಸವಕಳಿ. ನಾಳೆ ಅಗ್ಗದ ತಂತ್ರಜ್ಞಾನ ಬರುವುದಾದರೆ ಇಂದಿನ ಯಂತ್ರದ ಮೌಲ್ಯ ಇಂದೇ ಇಳಿಯುತ್ತದೆ. ದೂರಸಂಪರ್ಕದಲ್ಲಿ ಇದು ಕಣ್ಣೆದುರೇ ನಡೆಯಿತು. 1980ರ ದಶಕದಲ್ಲಿ ಅಮೆರಿಕದ ದೂರವಾಣಿ ಕಂಪನಿಗಳ ಹಳೆಯ ವಿನಿಮಯ ಕೇಂದ್ರಗಳು ಪುಸ್ತಕದಲ್ಲಿ ಇನ್ನೂ ಬೆಲೆಬಾಳುತ್ತಿದ್ದವು, ವಾಸ್ತವದಲ್ಲಿ ಇಲ್ಲ. ಕೇಂದ್ರದ ಸಂಪರ್ಕ ಆಯೋಗ ತ್ವರಿತ ಸವಕಳಿಯನ್ನು ರಾಜ್ಯಗಳ ಮೇಲೂ ಹೇರಲು ಹೊರಟಿತು. 1986ರಲ್ಲಿ ಲೂಸಿಯಾನ ರಾಜ್ಯದ ಆಯೋಗ ಸುಪ್ರೀಂ ಕೋರ್ಟಿನಲ್ಲಿ ಗೆದ್ದು, ರಾಜ್ಯದೊಳಗಿನ ದರಕ್ಕೆ ಸವಕಳಿ ನಿಗದಿಪಡಿಸುವ ಹಕ್ಕನ್ನು ಉಳಿಸಿಕೊಂಡಿತು. ಈ ವಾದದ ತೊಡಕೆಂದರೆ, ನಿಯಂತ್ರಿತ ಸಂಸ್ಥೆಯ ಆಸ್ತಿಯ ಮೌಲ್ಯ ನಿಂತಿರುವುದು ಅದಕ್ಕೆ ಸಿಗುವ ದರದ ಮೇಲೆ, ದರ ನಿಂತಿರುವುದು ಸವಕಳಿಯ ಮೇಲೆ. ಸುತ್ತಿ ಸುತ್ತಿ ಹೊರಟಲ್ಲಿಗೇ ಬರುತ್ತೇವೆ.

ಸಾಲ ತೀರಿಸುವಷ್ಟು ನಗದು ಕೈಗೆ ಬರಬೇಕು ಎಂಬ ಮೂರನೆಯ ವಾದ ಭಾರತದ್ದು, ಮೇಲೆ ನೋಡಿಯಾಯಿತು.

ನಾಲ್ಕನೆಯದು ಈಚಿನದು: ಭವಿಷ್ಯ ಅನಿಶ್ಚಿತವಾಗಿರುವಾಗ ಬಳಕೆದಾರರು ಇರುವಾಗಲೇ ವಸೂಲಿ ಮಾಡಿಕೊಳ್ಳಿ. ಬ್ರಿಟನ್ನಿನ ನಿಯಂತ್ರಕ ಸಂಸ್ಥೆ ಆಫ್‌ಜೆಮ್ ಇದಕ್ಕೆ ಒಳ್ಳೆಯ ನಿದರ್ಶನ. ಅದು ವಿದ್ಯುತ್ ಜಾಲದ ಹೊಸ ಆಸ್ತಿಗಳ ಅವಧಿಯನ್ನು 20ರಿಂದ 45 ವರ್ಷಕ್ಕೆ ಹಿಗ್ಗಿಸಿತು. ಆದರೆ ಅನಿಲ ವಿತರಣಾ ಜಾಲಕ್ಕೆ 45 ವರ್ಷವನ್ನೇ ಇಟ್ಟರೂ, 2013ರಿಂದ ಮೊದಲ ವರ್ಷಗಳಲ್ಲಿ ಹೆಚ್ಚು ವಸೂಲಾಗುವ ಇಳಿಮುಖ ಪದ್ಧತಿ ತಂದಿತು. ಕೊಳವೆ ಮುಂದೆಯೂ ಗಟ್ಟಿಯಾಗಿಯೇ ಇರುತ್ತದೆ, ಅನಿಲ ಉರಿಸುವ ಮನೆಗಳು ಇರುತ್ತವೋ ಇಲ್ಲವೋ ಗೊತ್ತಿಲ್ಲ ಎಂಬುದೇ ಕಾರಣ. ಬಡವರಿಗೆ ಇಲ್ಲೊಂದು ಅಪಾಯವಿದೆ. ಅನುಕೂಲಸ್ಥರು ಮೊದಲು ವಿದ್ಯುತ್ ಒಲೆಗೆ ಹೊರಳಿದರೆ, ಉಳಿದ ಬಾಕಿ ಹೊರಳಲಾರದವರ ಬಿಲ್ಲಿಗೆ ಬರುತ್ತದೆ.

ಶರಾವತಿ ಮತ್ತು ಹಣ ತೀರಿದ ಆಸ್ತಿಗಳು

ಬಾಕಿ ಬಂಡವಾಳದ ಮೇಲೆ ನ್ಯಾಯವಾದ ಬಡ್ಡಿ ಸಿಗುತ್ತಿದ್ದರೆ ಸವಕಳಿ ನಿಧಾನವಾದರೂ ವೇಗವಾದರೂ ಹೂಡಿಕೆದಾರನಿಗೆ ಒಟ್ಟಿನಲ್ಲಿ ಒಂದೇ ಎಂದು ಪಠ್ಯಪುಸ್ತಕ ಹೇಳುತ್ತದೆ. ಸವಕಳಿಯಾಗಿ ಬಂದ ಹಣದಷ್ಟು ಬಂಡವಾಳ ಇಳಿದು, ಅದರ ಮೇಲಿನ ಬಡ್ಡಿಯೂ ಇಳಿಯಬೇಕು. ಭಾರತದಲ್ಲಿ ಈ ಸರಪಳಿ ಅರ್ಧಕ್ಕೆ ತುಂಡಾಗಿದೆ. ಇಲ್ಲಿ ಯೋಜನೆಯ ಶೇ 70 ಸಾಲ, ಶೇ 30 ಮಾಲೀಕರ ಬಂಡವಾಳ ಎಂದು ಲೆಕ್ಕ. ಸವಕಳಿಯಿಂದ ಮೊದಲು ಸಾಲ ತೀರುತ್ತದೆ. ಶೇ 90ರಲ್ಲಿ 70 ಸಾಲಕ್ಕೆ ಹೋದ ಮೇಲೂ ಉಳಿದ 20 ಮಾಲೀಕರ ಕೈ ಸೇರುತ್ತದೆ. ಆದರೂ ಮಾಲೀಕರ ಬಂಡವಾಳ ಇನ್ನೂ ಪೂರ್ತಿ 30 ಇದೆ ಎಂದೇ ಲಾಭ ಕೊಡಲಾಗುತ್ತದೆ. ನಮ್ಮ ಸ್ಥಾವರದಲ್ಲಿ, 2009ರಿಂದ ಚಾಲ್ತಿಗೆ ಬಂದ ಶೇ 15.5ರ ದರದಲ್ಲಿ, ಅದು ವರ್ಷಕ್ಕೆ 46.5 ಕೋಟಿ. ವಾಸ್ತವದಲ್ಲಿ ಉಳಿದಿರುವ 100 ಕೋಟಿಯ ಮೇಲಾದರೆ 15.5 ಕೋಟಿ. ನಡುವಿನ 31 ಕೋಟಿ, ಗ್ರಾಹಕರು ಈಗಾಗಲೇ ಹಿಂತಿರುಗಿಸಿದ ಹಣದ ಮೇಲಿನ ಲಾಭ. ಆ ಹಣವನ್ನು ಕಂಪನಿಗಳು ಹೊಸ ಸ್ಥಾವರಗಳಿಗೆ ಹೂಡುತ್ತವೆ, ಹಾಗಾಗಿ ಪ್ರೋತ್ಸಾಹ ಬೇಕು ಎಂಬುದು ಸಮರ್ಥನೆ. ಹೊಸ ಸ್ಥಾವರದ ಮೇಲೂ ಪ್ರತ್ಯೇಕವಾಗಿ ಲಾಭ ಸಿಗುವುದರಿಂದ ಈ ಸಮರ್ಥನೆ ನಿಲ್ಲುವುದು ಕಷ್ಟ. ಎರಡು ದಶಕಗಳ ಭಾರತೀಯ ದರ ನಿಯಮಗಳಲ್ಲಿ ಗ್ರಾಹಕರಿಗೆ ಆಗಿರುವ ದೊಡ್ಡ ಅನ್ಯಾಯ ಇದು.

2006ರ ನೀತಿಯಲ್ಲಿ ಒಂದು ಒಳ್ಳೆಯ ಮಾತಿದೆ: ಪೂರ್ತಿ ಸವಕಳಿಯಾದ ಆಸ್ತಿಗಳ ಅಗ್ಗದ ದರದ ಲಾಭ ಗ್ರಾಹಕರಿಗೇ ಉಳಿಯಬೇಕು. ಅದರ ಅರ್ಥ ಕರ್ನಾಟಕಕ್ಕೆ ಚೆನ್ನಾಗಿ ಗೊತ್ತು. 1964ರಲ್ಲಿ ಮೊದಲ ಘಟಕ ಚಾಲನೆಗೊಂಡ ಶರಾವತಿ ವಿದ್ಯುದಾಗಾರ 1,035 ಮೆಗಾವಾಟ್ ಸಾಮರ್ಥ್ಯದ್ದು, ಹತ್ತು ಘಟಕಗಳೂ 40 ವರ್ಷ ದಾಟಿವೆ. ರಾಜ್ಯದ ಅತಿ ಅಗ್ಗದ ವಿದ್ಯುತ್ ಮೂಲಗಳಲ್ಲಿ ಅದೂ ಒಂದು. 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕಳಿಸಿದ ಶಿವನಸಮುದ್ರದ ಕೇಂದ್ರ ಇನ್ನೂ ಹಳೆಯದು. ಹಿಂದಿನವರು ಹಣ ತೆತ್ತು ಮುಗಿಸಿದ ಆಸ್ತಿಯ ಫಲವನ್ನು ಇಂದಿನವರು ಉಣ್ಣುತ್ತಿದ್ದಾರೆ. ಮುಳುಗಡೆಯಲ್ಲಿ ಮನೆಮಠ ಕಳೆದುಕೊಂಡ ಮಲೆನಾಡಿನ ಕುಟುಂಬಗಳು ತೆತ್ತದ್ದು ಮಾತ್ರ ಈ ಲೆಕ್ಕಪುಸ್ತಕದಲ್ಲಿ ಯಾವ ಸಾಲಿನಲ್ಲೂ ಇಲ್ಲ.

ವಿತರಣಾ ಕಂಪನಿಗಳ ಮಟ್ಟಿಗೆ ಇನ್ನೊಂದು ಸೂಕ್ಷ್ಮವಿದೆ. ಬಡಾವಣೆ ಕಟ್ಟಿದವರು ಸ್ವಂತ ಖರ್ಚಿನಲ್ಲಿ ಹಾಕಿಸಿಕೊಟ್ಟ ಟ್ರಾನ್ಸ್‌ಫಾರ್ಮರ್, ಕೇಂದ್ರದ ಅನುದಾನದಲ್ಲಿ ಹಳ್ಳಿಗೆ ಎಳೆದ ತಂತಿ ಇವುಗಳ ಸವಕಳಿಯನ್ನು ಮತ್ತೆ ಗ್ರಾಹಕರಿಂದ ವಸೂಲಿ ಮಾಡುವಂತಿಲ್ಲ; ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗದ (ಕೆಇಆರ್‌ಸಿ) ಆದೇಶಗಳಲ್ಲಿ ಆ ಮೊತ್ತವನ್ನು ಕಳೆಯಲಾಗುತ್ತದೆ. ಎರಡು ಬಾರಿ ಹಣ ಕೇಳಬಾರದು, ಸರಿ. ಆದರೆ ಅನುದಾನದ ಟ್ರಾನ್ಸ್‌ಫಾರ್ಮರ್ ಸುಟ್ಟುಹೋದ ದಿನ ಹೊಸದಕ್ಕೆ ಕೂಡಿಟ್ಟ ಹಣ ಇರುವುದಿಲ್ಲ, ಸಾಲವೇ ಗತಿ.

ಇತ್ಯರ್ಥವಾಗದೆ ಉಳಿದದ್ದು

ಕಲ್ಲಿದ್ದಲ ಸ್ಥಾವರಗಳ ಕೊನೆಗಾಲದ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. 1985ರಲ್ಲಿ ಆರಂಭವಾದ ರಾಯಚೂರಿನ ಮೊದಲ ಘಟಕದ 25 ವರ್ಷ 2010ಕ್ಕೇ ಮುಗಿದರೂ ಅದು ಅಲ್ಲಿಗೇ ನಿಲ್ಲಲಿಲ್ಲ. ಅಂಥ ಘಟಕಗಳಿಗೆ ಕೇಂದ್ರ ಆಯೋಗ 2009ರಲ್ಲಿ ಮೆಗಾವಾಟಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಯ ವಿಶೇಷ ಭತ್ಯೆ ತಂದಿತು. 2019ರ ಹೊತ್ತಿಗೆ ಅದು 9.5 ಲಕ್ಷ. ಆಯುಷ್ಯ ಮೀರಿದ ಯಂತ್ರಕ್ಕೆ ಇದು ಸರಿಯಾದ ಬೆಲೆಯೇ ಎಂಬುದು ತೀರ್ಮಾನವಾಗಿಲ್ಲ. ಇನ್ನೊಂದು ತುದಿಯಲ್ಲಿ, ಅವಧಿಗೆ ಮೊದಲೇ ಮುಚ್ಚಬೇಕಾದ ಸ್ಥಾವರದ ಬಾಕಿ ಹಣ ಯಾರದು? ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯ 2019ರಲ್ಲಿ ಕಾನೂನು ಮಾಡಿ, 2022ರಲ್ಲಿ ಮುಚ್ಚಿದ ಸ್ಯಾನ್ ವಾನ್ ಸ್ಥಾವರದ ಬಾಕಿಯನ್ನು ಕಡಿಮೆ ಬಡ್ಡಿಯ ಬಾಂಡುಗಳಾಗಿ ಮಾಡಿ ಗ್ರಾಹಕರಿಂದ ನಿಧಾನವಾಗಿ ತೀರಿಸುವ ದಾರಿ ಹಿಡಿಯಿತು. 2070ಕ್ಕೆ ನಿವ್ವಳ ಶೂನ್ಯದ ಗುರಿ ಹೊತ್ತ ಭಾರತದಲ್ಲಿ ಇಂಥ ಕಾನೂನಿಲ್ಲ.

ಗುಜರಿ ಬೆಲೆ ಶೇ 10 ಎಂಬ ನಂಬಿಕೆಯೂ ಪರಿಶೀಲನೆಗೆ ಬರಬೇಕಿದೆ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಸ್ಥಾವರ ಕಳಚಿ, ನೆಲ ಶುದ್ಧ ಮಾಡುವ ಖರ್ಚನ್ನು ಸವಕಳಿಯಲ್ಲೇ ಮೊದಲಿನಿಂದ ಸೇರಿಸುತ್ತಾರೆ; ಗುಜರಿ ಮಾರಿ ಬಂದದ್ದಕ್ಕಿಂತ ತೆರವಿನ ಖರ್ಚು ಹೆಚ್ಚಾದರೆ ಗುಜರಿ ಬೆಲೆಯ ಅಂಕಿ ಶೂನ್ಯಕ್ಕಿಂತ ಕೆಳಗಿಳಿಯುತ್ತದೆ. ಪೆನ್ಸಿಲ್ವೇನಿಯಾ ಖರ್ಚಾದ ಮೇಲೆ ಕೊಡುವ ಪದ್ಧತಿ ಇಟ್ಟುಕೊಂಡಿದೆ. ರಾಯಚೂರು, ಬಳ್ಳಾರಿಗಳ ಹಾರುಬೂದಿ ಹೊಂಡಗಳನ್ನು ಮುಂದೊಂದು ದಿನ ಶುದ್ಧಗೊಳಿಸುವ ಖರ್ಚು ಶೇ 10ರ ಆ ಅಂದಾಜಿನ ಒಳಗಿಲ್ಲ.

ಗಂಧಕ ತೊಳೆಯುವ ಉಪಕರಣಗಳದ್ದು ತೀರ ಹೊಸ ತಕರಾರು. 2015ರ ಪರಿಸರ ಮಾನದಂಡದಂತೆ ಕೆಲವು ಸ್ಥಾವರಗಳು ಅವನ್ನು ಅಳವಡಿಸಿದವು. 2025ರ ಜುಲೈಯಲ್ಲಿ ಸರ್ಕಾರ ಬಹುಪಾಲು ಘಟಕಗಳಿಗೆ ವಿನಾಯಿತಿ ಕೊಟ್ಟಿತು. ಕಡ್ಡಾಯವಲ್ಲದ ಉಪಕರಣದ ಸವಕಳಿಯನ್ನು ಗ್ರಾಹಕ ಎಷ್ಟು ವರ್ಷ ಹೊರಬೇಕು?

ಹೊಸ ಸೌರ, ಪವನ ಯೋಜನೆಗಳ ಹೆಚ್ಚಿನ ಪಾಲು ಹರಾಜಿನಲ್ಲಿ ನಿರ್ಧಾರವಾಗುತ್ತಿದೆ. ಅಲ್ಲಿ ಸವಕಳಿಯ ಅಂದಾಜು ಬಿಡ್ ಮಾಡುವವನ ಕಂಪ್ಯೂಟರಿನೊಳಗೇ ಉಳಿಯುತ್ತದೆ, ಸಾರ್ವಜನಿಕ ವಿಚಾರಣೆಗೆ ಬರುವುದಿಲ್ಲ. ತಂತಿ, ಕಂಬ, ಉಪಕೇಂದ್ರಗಳ ಲೆಕ್ಕ ಬಹುಮಟ್ಟಿಗೆ ಆಯೋಗಗಳ ಮುಂದೆಯೇ ಇರುತ್ತದೆ. ಬ್ಯಾಟರಿ, ಸ್ಮಾರ್ಟ್ ಮೀಟರಿನಂಥ ಅಲ್ಪಾಯುಷಿ ಉಪಕರಣಗಳು ಆ ಜಾಲಕ್ಕೆ ಸೇರುತ್ತಿದ್ದಂತೆ, ಅವಧಿಗೆ ಮುನ್ನ ಕಿತ್ತುಹಾಕುವ ಹಳೆಯ ಮೀಟರುಗಳ ಬಾಕಿ ಹಣ ಕಂಪನಿಯ ನಷ್ಟವೋ, ಗ್ರಾಹಕರ ಹೊರೆಯೋ ಎಂಬುದನ್ನು ರಾಜ್ಯಗಳ ಆಯೋಗಗಳು ತಮ್ಮ ಮುಂದಿನ ದರ ಆದೇಶಗಳಲ್ಲಿ ಹೇಳಬೇಕಾಗುತ್ತದೆ.